ಕಪ್ಪಿಗಾಡಿಯ ಕಾಕಾ

ಕಾಕಾ ಅವರ ಮಣ್ಣು ಮುಗಿಸಿ ಬಂದವರು ಬಸವಕಲ್ಯಾಣದ ಅವರ ಮನೆಯ ಅಂಗಳದಲ್ಲಿ ಕೂತಿದ್ದರು. ಚಹಾ ಬಂತು. ಸಾವಿನ ಮನೆಯಲ್ಲಿ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಸತ್ತವರ ಹತ್ತಿರವೇ ಬರುತ್ತದೆ. ಘಾಟಬೋರಾಳದ ರೈತರೊಬ್ಬರು ಕಪ್ಪು ಬಸಿ ಕೆಳಗಿಟ್ಟು, "ಏನs ಅನ್ರಿ, ಇಡೀ ತಾಲೂಕಿಗೆ ಬ್ಯಾಟ್ರಿ ಪಾಠ ಹೇಳಿದ ಮನಷ್ಯಾ, ತನ್ನ ಗಾಡಿ ಚಾರ್ಜರ್ ಕ್ಲಿಪ್ ತೆಗಿಯಾಕ ಹೋಗಿ ಕಣ್ಣು ಕಳಕೊಂಡ ನೋಡ್ರಿ" ಎಂದರು. ಎಲ್ಲರೂ ನಕ್ಕರು. ಪ್ರೀತಿಯ ನಗೆಯೇ ಅದು. ಕಾಕಾ ಇದ್ದಿದ್ದರೆ ಅವರೂ ನಗುತ್ತಿದ್ದರು.

ನನಗೆ ನಗು ಬರಲಿಲ್ಲ. ಅವರ ಕಣ್ಣು ಹೋದದ್ದು ಕ್ಲಿಪ್ ತೆಗೆಯುವಾಗ ಅಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೇ, ಅವರಿಗೆ ಮತ್ತು ನನಗೆ. ಅವರ ತಾಯಿಗೆ ನಿಜ ತಿಳಿಯಬಾರದು ಎಂಬ ಒಂದೇ ಕಾರಣಕ್ಕೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ಆ ತಾಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಮಗನೂ ಇಲ್ಲ. ಇನ್ನು ಬರೆದರೆ ನೋಯುವವರು ಯಾರೂ ಉಳಿದಿಲ್ಲ.

ನಾನು ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಮಾಡುವವಳು. ಮನೆ ಮಾತ್ರ ಬಸವಕಲ್ಯಾಣದಲ್ಲಿ, ಕಾಕಾ ಅವರ ಮಹಡಿಯ ಮೇಲೆ ಬಾಡಿಗೆಗೆ. ಅವರಿಗೆ ಪೇಟೆಯಲ್ಲಿ ಪೈಪು, ಪಂಪು, ಔಷಧ ಸಿಂಪಡಿಸುವ ಯಂತ್ರಗಳ ಅಂಗಡಿ ಇತ್ತು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಜೊತೆಗೆ ಒಂದು ಸಣ್ಣ ಸ್ಪ್ಯಾನರ್. ಅಂಗಡಿಯಲ್ಲಿ ಸಾವಕಾರ್ರು, ಮನೆಯ ಸುತ್ತಮುತ್ತ ಕಾಕಾ. ಅವರ ತಾಯಿ ನಮಗೆಲ್ಲ ಆಯಿ.

ಅವರ ಬಳಿ ಒಂದು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಗಾಢ ಹಸಿರು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂಥ ಆಕಾರ. ಊರಿನವರು ಅದಕ್ಕೆ ಕಪ್ಪಿಗಾಡಿ ಎಂದು ಹೆಸರಿಟ್ಟರು. ನಿಜವಾಗಿಯೂ ಮಳೆಗಾಲದ ಕಪ್ಪೆಯಂತೆಯೇ ಕಾಣುತ್ತಿತ್ತು. ಹುಮನಾಬಾದಿನ ಒಬ್ಬ ಗುತ್ತಿಗೆದಾರ ಹೈದರಾಬಾದಿನಿಂದ ತಂದು, ನಮ್ಮ ರಸ್ತೆಗಳಿಗೆ ಸೋತು, ಮಾರಲು ಇಟ್ಟಿದ್ದನಂತೆ. "ಯಾಕ ತಗೊಂಡ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ಚಂದ ಕಾಣ್ತು, ತಂದೆ. ಚಂದ ಕಂಡಿದ್ದಕ್ಕೆಲ್ಲಾ ಕಾರಣ ಎಲ್ಲಿಂದ ತರೂದ್ರಿ ಮೇಡಂ?"

ಅವರ ಹೆಂಡತಿ ಕಾಕು ಒಳಗಿನಿಂದಲೇ ಕೂಗಿದರು: "ನನ್ನ ನೋಡಾಕ ಬಂದಾಗ ಮಾತ್ರ ಮೂರು ಸರ್ತೆ ಕಾರಣ ಕೇಳಿದ್ರು!"

ಕಾರು ಇದ್ದದ್ದು ಮನೆಗೆ ಅಂಟಿಕೊಂಡ ಹಳೆಯ ಗೋದಾಮಿನಲ್ಲಿ. ಒಂದು ಕಾಲಕ್ಕೆ ತೊಗರಿ ಚೀಲ ಇಡುತ್ತಿದ್ದ ಜಾಗ. ಬೀದಿಯ ಕಡೆ ಕಬ್ಬಿಣದ ಶಟರ್, ಮನೆಯ ಕಡೆ ಒಂದು ಸಣ್ಣ ಬಾಗಿಲು. ಕಿಟಕಿ ಇರಲಿಲ್ಲ. ಗೋಡೆಯ ಆಚೆ ಅಡುಗೆಮನೆ.

ಹೆಚ್ಚು ಓಡಿಸದ ಕಾರಿನ ಕಷ್ಟವೆಲ್ಲ ಬ್ಯಾಟರಿಯದು. ಅದನ್ನು ನಾನು ಕಲಿತದ್ದು ಅವರಿಂದ. ಕಲಿಯದೆ ಬೇರೆ ದಾರಿಯೂ ಇರಲಿಲ್ಲ, ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತರೂ ಅವರು ಇದೇ ಪಾಠ ಶುರು ಮಾಡುತ್ತಿದ್ದರು. ಗಾಡಿ ಸುಮ್ಮನೆ ನಿಂತಿದ್ದರೂ ಒಳಗಿನ ಗಡಿಯಾರ, ಕಳ್ಳರಿಗೆ ಇಟ್ಟ ಗಂಟೆ, ಬೀಗದ ಯಂತ್ರ ಎಲ್ಲವೂ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತಲೇ ಇರುತ್ತವೆ. ಹಾಗಂತ ದಿನಾ ಬೆಳಿಗ್ಗೆ ಚಾಲೂ ಮಾಡಿ ಸ್ವಲ್ಪ ಹೊತ್ತಿಗೆ ಬಂದ್ ಮಾಡಿದರೆ ಇನ್ನೂ ಕೆಟ್ಟದ್ದು. ಚಾಲೂ ಆಗಲು ತಿಂದಷ್ಟನ್ನು ಅದು ಮರಳಿ ತುಂಬಿಕೊಂಡಿರುವುದಿಲ್ಲ.

"ಮಲಗಿದವನ್ನ ಎಬ್ಬಿಸಿ, ಊಟಕ್ಕ ಕೂಡ್ಸಿ, ಒಂದ್ ತುತ್ತು ಬಾಯಾಗ ಇಟ್ಟಕೂಡ್ಲೇ ತಾಟು ಕಸಗೊಂಡಂಗ ಆಗ್ತದ" ಎನ್ನುತ್ತಿದ್ದರು. "ಎಬ್ಬಿಸಿದ್ರ ಹೊಟ್ಟಿ ತುಂಬಾ ಉಣ್ಣಸಬೇಕು. ಇಲ್ಲಾಂದ್ರ ಮಲಗಾಕ ಬಿಡಬೇಕು."

ಹೊಟ್ಟೆ ತುಂಬ ಉಣ್ಣಿಸುವುದು ಎಂದರೆ ಭಾನುವಾರ ಬೆಳಿಗ್ಗೆ ಹುಮನಾಬಾದಿಗೆ ಹೋಗಿ ಬರುವುದು. ಉಳಿದ ದಿನ ಚಾರ್ಜರ್. ಅದು ಸಣ್ಣದು, ತುಂಬಿದ ಕೂಡಲೇ ತಾನೇ ನಿಲ್ಲುವಂಥದ್ದು. ಅದನ್ನು ಹಚ್ಚುವುದಕ್ಕೂ ತೆಗೆಯುವುದಕ್ಕೂ ಅವರದೊಂದು ಕ್ರಮವಿತ್ತು. ತೆಗೆಯುವಾಗ ಮೊದಲು ಗೋಡೆಯ ಬಟನ್ ಬಂದ್, ಆಮೇಲೆ ಕರಿ ಕ್ಲಿಪ್, ಕೊನೆಗೆ ಕೆಂಪು. ಅಂಗಡಿಗೆ ಬಂದ ಟ್ರ್ಯಾಕ್ಟರಿನವರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರು. ತಪ್ಪಿ ಹೇಳಿದವನಿಗೆ ಸಾಮಾನು ಕೊಡದೆ ಬೈದು ನಿಲ್ಲಿಸಿದ್ದೂ ಉಂಟು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬ್ಯಾಟರಿಯ ವಿಷಯದಲ್ಲಿ ತನಗಿಂತ ತಿಳಿದವರು ಈ ಸೀಮೆಯಲ್ಲಿ ಇಲ್ಲ ಎಂಬ ಜಂಬವೂ ಇತ್ತು. ಬೇರೆ ಯಾವುದಕ್ಕೂ ಜಂಬ ಪಡದ ಮನುಷ್ಯ ಇದೊಂದಕ್ಕೆ ಮಾತ್ರ ಮೀಸೆ ತಿರುವುತ್ತಿದ್ದರು. ಈ ಮಾತನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು, ಅವರು ಆಮೇಲೆ ಬಿಟ್ಟುಕೊಟ್ಟದ್ದು ಏನೆಂದು ಆಗಲೇ ತಿಳಿಯುವುದು.

ಭಾನುವಾರದ ಎರಡನೇ ಸೀಟಿನ ಬಗ್ಗೆ ಹೇಳದಿದ್ದರೆ ಕಾಕಾ ಅವರ ಚಿತ್ರ ಅರ್ಧವೇ. ಆ ಸೀಟು ಖಾಲಿ ಹೋಗಬಾರದು. ಪ್ರತಿ ವಾರ ಒಬ್ಬರು. ಹಾಲು ತರುವವನು, ಕೊಡಂಬಲದಿಂದ ಕಾಯಿಪಲ್ಲೆ ತರುವ ಅಜ್ಜಿ, ಅಂಚೆಯವನು, ಎದುರು ಮನೆಯ ಟೇಲರ್. ಒಬ್ಬರನ್ನು ಕೂಡಿಸಿಕೊಂಡು ಹುಮನಾಬಾದಿಗೆ ಹೋಗಿ, ಚಹಾ, ಚುರುಮುರಿಯ ಸೂಸಲಾ ಮಾಡಿಸಿ ವಾಪಸು ಕರೆತರುತ್ತಿದ್ದರು. ಪಲ್ಲೆಯ ಅಜ್ಜಿ ಮೊದಲ ಸಲ ಕೂತಾಗ ನಾನು ಅಲ್ಲೇ ಇದ್ದೆ.

"ಯವ್ವಾ, ಬಾವ್ಯಾಗ ಇಳದಂಗ ಆತಲ್ಲೋ ಸಾವಕಾರಾ! ಮ್ಯಾಲ ಹ್ಯಾಂಗ ಬರಬೇಕು ನಾ?"

"ಹಗ್ಗ ತಂದೇನಿ, ಚಿಂತಿ ಮಾಡಬ್ಯಾಡ."

ರಸ್ತೆಯ ಉಬ್ಬು, ಹಂಪು ಬಂದರೆ ಮಾತ್ರ ಪಕ್ಕದಲ್ಲಿ ಕೂತವರು ಇಳಿಯಬೇಕಿತ್ತು. ಭಾರ ಹೆಚ್ಚಾದರೆ ಕಾರಿನ ಹೊಟ್ಟೆ ತಗಲುತ್ತಿತ್ತು. ಕಾಕಾ ಗಾಡಿಯನ್ನು ಓರೆ ಮಾಡಿ ಒಂದೊಂದೇ ಗಾಲಿ ದಾಟಿಸುತ್ತಿದ್ದರು, ಸವಾರಿ ಹೊರಟವರು ಪಕ್ಕದಲ್ಲಿ ನಡೆದು ಹೋಗಿ ಆಚೆ ಮತ್ತೆ ಹತ್ತುತ್ತಿದ್ದರು. "ಅರ್ಧಾ ದಾರಿ ನಡದs ಬಂದ್ನಿ" ಎಂದು ಟೇಲರ್ ಊರೆಲ್ಲ ಹೇಳಿಕೊಂಡು ತಿರುಗಿದ. ಆದರೆ ಮುಂದಿನ ಸರದಿ ಯಾವಾಗ ಎಂದು ಕೇಳುವುದನ್ನು ಬಿಡಲಿಲ್ಲ. ನನ್ನ ಸರದಿ ಬಂದಾಗ ಹೆದ್ದಾರಿಯಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ನಮ್ಮ ಕಿಟಕಿ ಅವುಗಳ ಗಾಲಿಯ ಮಟ್ಟಕ್ಕಿತ್ತು. ಇಷ್ಟು ಓಡಬಲ್ಲ ಗಾಡಿಯನ್ನು ಕಬ್ಬಿನ ಹಿಂದೆ ಎತ್ತಿನಂತೆ ನಡೆಸುತ್ತಿದ್ದೀರಲ್ಲ, ಬೇಸರವಿಲ್ಲವೇ ಎಂದೆ.

"ಜೋರ್ ಓಡಬೇಕಂತ ಯಾರ್ ಹೇಳ್ಯಾರ? ಕರದಾಗ ಓ ಅಂದ್ರ ಸಾಕು."

ಕರೆದಾಗ ಓ ಎನ್ನುವುದು. ದಸರೆಯಲ್ಲಿ ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅದು ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಪೂಜೆಯಾದ ಗಾಡಿ ಕೀಲಿಯ ಒಂದೇ ತಿರುವಿಗೆ ಚಾಲೂ ಆಗಿ ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಬೇಕು. ಕೆಮ್ಮಿ ನಿಂತರೆ ವರ್ಷವೆಲ್ಲ ಅಪಶಕುನ. ಬೀದಿಯ ಜನ ಕಪ್ಪಿಗಾಡಿ ಓ ಎನ್ನುವುದನ್ನು ನೋಡಲೆಂದೇ ಬರುತ್ತಿದ್ದರು. ಮೊದಲ ಆರತಿ ಯಾವಾಗಲೂ ಆಯಿಯದು.

ಆ ವರ್ಷ ದಸರೆಗೆ ಮುಂಚೆ ಮಳೆ ಹಿಡಿದು ಭಾನುವಾರದ ಸವಾರಿ ತಪ್ಪಿತ್ತು. ಸಿಡಿಲಿಗೆ ಸಣ್ಣ ಚಾರ್ಜರ್ ಸುಟ್ಟುಹೋಗಿತ್ತು. ಕಾಕಾ ಅಂಗಡಿಯಿಂದ ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚುವ ದೊಡ್ಡ ಚಾರ್ಜರ್ ತಂದು ಪೂಜೆಯ ಹಿಂದಿನ ಸಂಜೆ ಹಚ್ಚಿದರು. ಅದು ತಾನೇ ನಿಲ್ಲುವಂಥದ್ದಲ್ಲ. ಪೂಜೆಯ ದಿನ ಮಾನ ಹೋಗಬಾರದೆಂದು ಬೆಳಗಿನವರೆಗೂ ಬಿಟ್ಟರು. ಬ್ಯಾಟರಿ ತುಂಬಿ, ತುಂಬಿದ ಮೇಲೂ ಕುದಿದು, ಅದರ ಗ್ಯಾಸು ಮುಚ್ಚಿದ ಗೋದಾಮಿನಲ್ಲಿ ನಿಂತುಕೊಂಡಿತು. ಆ ಗ್ಯಾಸಿಗೆ ಒಂದು ಕಿಡಿ ಸಾಕು.

ಬೆಳಿಗ್ಗೆ ನಾನು ಹೂವಿನ ಬುಟ್ಟಿ ಹಿಡಿದು ಅವರ ಹಿಂದೆ ಹೋದೆ. ಅವರು ಶಟರನ್ನು ಸೊಂಟದವರೆಗೆ ಎತ್ತಿದರು, ಇಬ್ಬರೂ ಬಗ್ಗಿ ಒಳಗೆ ನಡೆದೆವು. ಕೊಳೆತ ತತ್ತಿಯ ವಾಸನೆ ಮೂಗಿಗೆ ಹೊಡೆಯಿತು. ಕಾಕಾ ನಿಂತುಬಿಟ್ಟರು. ಕಾರಿನ ಬಾನೆಟ್ ತೆರೆದಿತ್ತು, ಅದಕ್ಕೆ ಆಗಲೇ ವಿಭೂತಿ ಕುಂಕುಮ ಹಚ್ಚಿ ಆಗಿತ್ತು. ಒಳಗೆ, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ ಅರ್ಧ ಬಾಳೆಹಣ್ಣು. ಅದರಲ್ಲಿ ಚುಚ್ಚಿದ ಊದಿನಕಡ್ಡಿಗಳಿಂದ ಹೊಗೆ ಏಳುತ್ತಿತ್ತು. ನಮಗಿಂತ ಮೊದಲೇ ಆಯಿ ಸಣ್ಣ ಬಾಗಿಲಿನಿಂದ ಬಂದು ಹೋಗಿದ್ದರು. ನೆಗಡಿಯ ಮೂಗು, ಅವರಿಗೆ ವಾಸನೆ ತಿಳಿದಿರಲಿಲ್ಲ.

ನನ್ನ ಮನಸ್ಸು ಇಂದಿಗೂ ಈ ಜಾಗಕ್ಕೆ ಬಂದು ನಿಲ್ಲುತ್ತದೆ. ಗ್ಯಾಸಿನ ಲೈಟರ್ ಒತ್ತುವಾಗ, ಗುಡಿಯಲ್ಲಿ ಯಾರಾದರೂ ಕಡ್ಡಿ ಗೀರುವಾಗ, ಆ ಹೊಗೆಯ ಎಳೆ ಕಾಣುತ್ತದೆ.

ಸಣ್ಣ ಬಾಗಿಲು ತೆರೆಯಿತು. ಆಯಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು, ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಕಾಕಾ ಓಡಲಿಲ್ಲ. ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹೋಗಿ, ಬರಿಗೈಯನ್ನು ಆ ಉರಿಯ ಮೇಲೆ ಇಟ್ಟು ಒತ್ತಿದರು. ಉರಿ ಆರಿತು. ತಾಯಿಯ ಭುಜ ಹಿಡಿದು ತಿರುಗಿಸಿ, ಹಿಂದೆಯೇ ಬಂದಿದ್ದ ನನ್ನ ಕಡೆ ದೂಡಿದರು.

"ಮೇಡಂ, ಅವ್ವನ್ನ ಅಂಗಳಕ್ಕ ಕರಕೊಂಡು ನಡೀರಿ. ಕಾಕೂಗೆ ಒಲಿ ಬಂದ್ ಮಾಡಂತ ಹೇಳ್ರಿ. ಜಲ್ದಿ."

ದನಿ ಏರಿರಲಿಲ್ಲ. ಅಷ್ಟಕ್ಕೆಲ್ಲ ಸಿಟ್ಟಾಗುತ್ತಿದ್ದ ಮನುಷ್ಯನ ಬಾಯಿಂದ ಅಷ್ಟು ಮೆತ್ತಗಿನ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಗೋಡೆಯಾಚೆ ಕಾಕು ಹೋಳಿಗೆ ಬೇಯಿಸುತ್ತಿದ್ದರು, ಪಕ್ಕದಲ್ಲೇ ಸಿಲಿಂಡರ್. ಆಯಿಯನ್ನು ಎಳೆದುಕೊಂಡು ಸಣ್ಣ ಬಾಗಿಲ ಹೊಸ್ತಿಲು ದಾಟುತ್ತ, "ಕಾಕೂ, ಒಲಿ ಬಂದ್ ಮಾಡ್ರಿ!" ಎಂದು ಕೂಗಿದೆ. ಒಮ್ಮೆ ತಿರುಗಿ ನೋಡಿದೆ. ಕಾಕಾ ಗೋಡೆಯ ಬಟನ್ ಬಂದ್ ಮಾಡಿದರು. ಕ್ಲಿಪ್ಪುಗಳನ್ನು ಮುಟ್ಟಲೇ ಇಲ್ಲ. ನೇರವಾಗಿ ಬಾಳೆಹಣ್ಣಿಗೆ ಕೈ ಚಾಚಿದರು. ಅದನ್ನು ಹಿಡಿದು ಎತ್ತುವಾಗ ಊದಿನಕಡ್ಡಿಯ ಒಂದು ಕೆಂಪು ತುದಿ ಮುರಿದು ಬ್ಯಾಟರಿಯ ಮೇಲೆ ಬಿತ್ತು.

ಸದ್ದು ಪಟಾಕಿಯಂತೆ ಇರಲಿಲ್ಲ. ತುಂಬಿದ ಚೀಲವನ್ನು ಎತ್ತರದಿಂದ ನೆಲಕ್ಕೆ ಒಗೆದಂತಿತ್ತು, ಆದರೆ ಎದೆಯೊಳಗೆ. ಬ್ಯಾಟರಿಯ ಮುಚ್ಚಳ ಸೂರಿಗೆ ಬಡಿಯಿತು. ಕಾಕಾ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಬಾಗಿಲ ಕಡೆ ಬಂದರು, ದಾರಿ ಕಾಣದೆ ಚೌಕಟ್ಟಿಗೆ ಬಡಿದರು. ಬ್ಯಾಟರಿಯ ಆಸಿಡ್ ಮುಖದಿಂದ ಅಂಗಿಗೆ ಇಳಿಯುತ್ತಿತ್ತು. ನಾನು ಅವರ ತಲೆಯನ್ನು ಅಂಗಳದ ನಳದ ಕೆಳಗೆ ಬಗ್ಗಿಸಿ ಹಿಡಿದೆ. ಕಾಕು ಕೊಡದ ಮೇಲೆ ಕೊಡ ನೀರು ಸುರಿದರು. ನಿಲ್ಲಿಸಬೇಡಿ, ಸುರಿಯುತ್ತಲೇ ಇರಿ ಎಂದು ಕಾಕಾ ಅವರೇ ಹೇಳುತ್ತಿದ್ದರು.

ಸದ್ದಿಗೆ ಕುಸಿದು ಕೂತಿದ್ದ ಆಯಿ ನೆಲಕ್ಕೆ ಕೈಯೂರಿ ಎದ್ದು ಹತ್ತಿರ ಬಂದರು. "ಏನಾತೋ ಮಗಾ? ಏನಾತು? ನಾ ಹಚ್ಚಿದ್ದ..."

ಅವರ ಮಾತು ಮುಗಿಯಲಿಲ್ಲ. ನೀರಿನ ಕೆಳಗಿನಿಂದಲೇ, ಕಣ್ಣು ತೆರೆಯಲಾಗದೆ, ಕಾಕಾ ಗಟ್ಟಿಯಾಗಿ ಹೇಳಿದರು: "ಕ್ಲಿಪ್ ತೆಗಿಯೋ ಮುಂದ ಕಿಡಿ ಹಾರ್ತವ್ವಾ. ಬಟನ್ ಬಂದ್ ಮಾಡಿದ್ದಿಲ್ಲ. ನಂದs ಗಡಿಬಿಡಿ." ಹೇಳುತ್ತಲೇ ನನ್ನ ಮುಂಗೈಯನ್ನು ಹಿಡಿದು ಹಿಸುಕಿದರು. ಕರ್ಪೂರಕ್ಕೆ ಸುಟ್ಟ ಅವರ ಅಂಗೈ ಅದು. ಯಾಕೆ ಹಿಸುಕಿದರೆಂದು ನನಗೆ ತಿಳಿಯಿತು.

ಎಡಗಣ್ಣು ಹೋಯಿತು. ಬಲಗಣ್ಣು ಉಳಿಯಿತು. ನೀರು ಸುರಿದದ್ದರಿಂದ ಉಳಿಯಿತು ಎಂದು ಡಾಕ್ಟರರು ಹೇಳಿದರು. ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಕಾಕಾ ಅಂದರು:

"ಗ್ಯಾಸ್ ತುಂಬಿಸಿದ್ದು ನಾನ ಮೇಡಂ. ಅದು ಖರೇ ನನ್ನ ತಪ್ಪು. ಹಂಗಾಗಿ ನಾ ಹೇಳಿದ್ದು ಅರ್ಧಾನ ಸುಳ್ಳು. ಅವ್ವಗ ಗೊತ್ತಾದ್ರ ಆಕಿ ಮತ್ತ ದೇವರ ಮುಂದ ಒಂದ್ ದೀಪಾ ಹಚ್ಚೂದಿಲ್ಲ. ಊಟಾನೂ ಬಿಡ್ತಾಳ. ಆಕಿ ಇರೋತನಕ ನೀವೂ ಅಷ್ಟs ಹೇಳ್ರಿ."

"ಊರ ಮಂದಿ ನಗ್ತಾರ ಕಾಕಾ."

"ನಗಲಿ ಬಿಡ್ರಿ. ಭಾಳ ದಿನಾ ಬೈಸ್ಕೊಂಡಾರ ನನ್ನ ಕಡಿಂದ."

ಊರು ನಕ್ಕಿತು. ಕ್ರಮ ತಪ್ಪಿ ಹೇಳಿದ್ದಕ್ಕೆ ಬೈಸಿಕೊಂಡಿದ್ದ ಟ್ರ್ಯಾಕ್ಟರಿನವರು ಅಂಗಡಿಗೆ ಬಂದು, "ಸಾವಕಾರ್ರ, ಮೊದ್ಲ ಬಟನ್ನೋ, ಮೊದ್ಲ ಕಣ್ಣೋ?" ಎಂದು ಕೇಳಿದರು. ಕಾಕಾ ಅವರ ಜೊತೆ ನಕ್ಕು, ಹೋದ ಕಣ್ಣನ್ನು ಬೆರಳಿನಿಂದ ತೋರಿಸಿ, "ಮೊದ್ಲ ಬಟನ್. ಇದನ್ನ ನೋಡಿ ನೆನಪಿಡು" ಎನ್ನುತ್ತಿದ್ದರು. ಆಮೇಲೆ ದನಿ ತಗ್ಗಿಸಿ, ಚಾರ್ಜಿಗೆ ಹಚ್ಚಿದಾಗ ಬಾಗಿಲು ತೆರೆದಿಡು, ಪೂಜೆಯಿದ್ದರೆ ಹಿಂದಿನ ದಿನವೇ ತೆಗೆದುಬಿಡು, ಹತ್ತಿರ ಬೆಂಕಿ ಒಯ್ಯಬೇಡ ಎಂದು ಸೇರಿಸುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಬಟನ್ ಬಂದ್ ಮಾಡಿ, ಮಾಡಬೇಕಾದದ್ದನ್ನೆಲ್ಲ ಸರಿಯಾದ ಕ್ರಮದಲ್ಲಿ ಮಾಡಿದವರು ಬದುಕಿನ ಉಳಿದ ವರ್ಷಗಳನ್ನೆಲ್ಲ ಬಟನ್ ಮರೆತವರಾಗಿ ಕಳೆದರು. ಜಂಬದ ಮೀಸೆ ಮತ್ತೆ ತಿರುವಿದ್ದನ್ನು ನಾನು ನೋಡಲಿಲ್ಲ.

ಕಾಕು ಕಾರನ್ನು ಮಾರಿಬಿಡಿ ಎಂದು ಹಟ ಹಿಡಿದರು. ಕಾಕಾ ಒಪ್ಪಲಿಲ್ಲ. ನೀರು ಹಾಕಬೇಕಿಲ್ಲದ ಹೊಸ ಬ್ಯಾಟರಿ ತಂದರು, ಗೋದಾಮಿಗೆ ಎರಡು ಕಿಟಕಿ ಒಡೆಸಿದರು, ಹೊಸ ಸಣ್ಣ ಚಾರ್ಜರ್ ತಂದರು. ಒಂದೇ ಕಣ್ಣಿನಲ್ಲಿ ದೂರ ಅಂದಾಜಾಗದೆ ಹಂಪುಗಳಿಗೆ ಹೊಟ್ಟೆ ತಗಲಿತು. ಆಗ ಟೇಲರನನ್ನು ಚಾಲಕನ ಸೀಟಿಗೆ ಕೂಡಿಸಿ ತಾವು ಪಕ್ಕಕ್ಕೆ ಬಂದರು. ಹಂಪು ಬಂದಾಗ ಈಗ ಇಳಿದು ನಡೆಯುವವರು ಕಾಕಾ.

ಆಯಿಗೆ ಸಂಶಯ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

"ತಂಗಿ, ನಾ ಅವತ್ತ ಊದಿನಕಡ್ಡಿ ಹಚ್ಚಿ ಇಟ್ಟು ಬಂದಿದ್ನಿ. ಅದೇನಾತು?"

"ಗೊತ್ತಿಲ್ಲ ಆಯಿ. ನಾ ನೋಡಲಿಲ್ಲ."

"ನೀ ಅಲ್ಲೇ ಇದ್ದೆಲ್ಲಾ?"

ಕಾಲೇಜಿಗೆ ಹೊತ್ತಾಯಿತು ಎಂದು ಇಳಿದು ಹೋದೆ. ಆಯಿ ಅಂದಿನಿಂದ ಬೆಳಗಿನ ಪೂಜೆಯಲ್ಲಿ ಊದಿನಕಡ್ಡಿ ಹಚ್ಚುವುದನ್ನು ಬಿಟ್ಟರು. ಕಡ್ಡಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಹಾಗೇ ಇಟ್ಟುಬಿಡುತ್ತಿದ್ದರಂತೆ. ಕಾಕು ಇದನ್ನು ಹೇಳಿದಾಗ ಕಾಕಾ ನನ್ನ ಮುಖ ನೋಡಿದರು.

ಮತ್ತೆ ಖಂಡೇಪೂಜೆ ಬಂತು. ಕಾರನ್ನು ಹಿಂದಿನ ದಿನವೇ ಬಯಲಿಗೆ, ಅಂಗಳದ ನಡುವೆ ತಂದು ನಿಲ್ಲಿಸಿದ್ದರು. ಚಾರ್ಜರ್ ತೆಗೆದು ಬಹಳ ಹೊತ್ತಾಗಿತ್ತು. ಟೇಲರ್, ಪಲ್ಲೆಯ ಅಜ್ಜಿ, ಬೀದಿಯ ಮಂದಿ ನೆರೆದಿದ್ದರು, ಯಾಕೋ ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ. ಆಯಿ ಹೊಸ್ತಿಲಲ್ಲೇ ನಿಂತು, ಈ ಸರ್ತೆ ಸೊಸೆಯೇ ಆರತಿ ಮಾಡಲಿ, ತನಗೆ ಕೈ ನಡುಗುತ್ತದೆ ಎಂದರು. ಕಾಕಾ ಬಾನೆಟ್ ಎತ್ತಿದರು. ಒಂದು ಬಾಳೆಹಣ್ಣು ಮುರಿದು, ಊದಿನಕಡ್ಡಿ ಚುಚ್ಚಿ, ತಾವೇ ಕಡ್ಡಿ ಗೀರಿ ಹಚ್ಚಿ, ತಾಯಿಯ ಕೈಗೆ ಕೊಟ್ಟರು.

ಆಯಿ ಅದನ್ನು ಹಿಡಿದುಕೊಂಡು ಕಾರಿನ ಹತ್ತಿರ ಬಂದರು. "ಎಲ್ಲಿಡ್ಲೋ?"

"ಹ್ವಾದ ವರ್ಷ ಎಲ್ಲಿ ಇಟ್ಟಿದ್ದಿ, ಅಲ್ಲೇ ಇಡು."

ನಾನು ಹಿಂದೆ ನೀರು ತುಂಬಿದ ಬಕೆಟ್ಟಿನ ಪಕ್ಕದಲ್ಲಿದ್ದೆ. ಏನೂ ಆಗುವುದಿಲ್ಲ ಎಂದು ನನ್ನ ಓದಿದ ತಲೆಗೆ ಗೊತ್ತಿತ್ತು. ಆದರೂ ಬಕೆಟ್ಟಿನ ಹಿಡಿಯನ್ನು ಹಿಡಿದೇ ಇದ್ದೆ. ಕಾಕಾ ಬ್ಯಾಟರಿಯ ಮೇಲೆ ಬಗ್ಗಿ, ಕಾಣುವ ಕಣ್ಣಿನ ಕಡೆಯನ್ನೇ ಅದಕ್ಕೆ ಒಡ್ಡಿ, ತಾಯಿಯ ಕೈ ಹಿಡಿದು ಆ ಜಾಗಕ್ಕೆ ತಂದರು. ಆಯಿ ಬಾಳೆಹಣ್ಣನ್ನು ಬ್ಯಾಟರಿಯ ಮಗ್ಗುಲಿಗೆ ಇಟ್ಟರು. ಹೊಗೆ ನೆಟ್ಟಗೆ ಮೇಲೆದ್ದು ಗಾಳಿಗೆ ಹರಿಯಿತು. ಕಡ್ಡಿಗಳು ಕೊನೆಯವರೆಗೆ ಉರಿದು ಬೂದಿ ಬಿದ್ದವು.

ಆಯಿಯ ಮುಖ ನಿಧಾನವಾಗಿ ಸಡಿಲವಾಯಿತು. ಆಮೇಲೆ ಮಗನ ಕಡೆ ತಿರುಗಿ, ಬೀದಿಯ ಮಂದಿಗೆಲ್ಲ ಕೇಳುವಂತೆ ಶುರು ಮಾಡಿದರು.

"ನೋಡು, ಊದಿನಕಡ್ಡಿಗೆ ಏನಾತು? ಏನೂ ಆಗ್ಲಿಲ್ಲ. ಒಂದ್ ವರ್ಷ ನಾನs ಮಾಡೀನೇನೋ ಅಂತ ಜೀವಾ ಹಿಂಡಿ ಹಿಂಡಿ ಇಟ್ಕೊಂಡಿದ್ನಿ. ಎಲ್ಲಾ ನಿಂದs ಗಡಿಬಿಡಿ! ಊರಿಗೆಲ್ಲಾ ಶಾಣ್ಯಾತನಾ ಹೇಳ್ತಿ, ಒಂದ್ ಬಟನ್ ಬಂದ್ ಮಾಡಾಕ ಬರಲಿಲ್ಲೇನೋ ನಿನಗ?"

ಮಂದಿ ನಕ್ಕರು. ಕಾಕಾ ತಲೆ ತಗ್ಗಿಸಿ ನಿಂತು, "ಹೌದವ್ವಾ, ನಂದs" ಎಂದರು.

ಟೇಲರ್ ಕೀಲಿ ತಿರುವಿದ. ಕಪ್ಪಿಗಾಡಿ ಒಂದೇ ಕರೆಗೆ ಓ ಎಂದಿತು. ಆಯಿಯ ಬೈಗುಳ ಆ ಸದ್ದಿನಲ್ಲೂ ಕೇಳುತ್ತಿತ್ತು. ಬೈಯುತ್ತಲೇ ಅವರು ಕಡ್ಡಿಪೆಟ್ಟಿಗೆ ತೆರೆದು ಕರ್ಪೂರ ಹಚ್ಚಿದರು, ಕೈ ನಡುಗಲಿಲ್ಲ.